ಫಾರಂ ಆನ್‌ಲೈನ್ ಮಾಡೋ ಮುಂಚೆ ನಿಯಮ ತೆಗೆದು ಓದಿ

ಸರ್ಕಾರಿ ಇಲಾಖೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡೋ ಕೆಲಸದಲ್ಲಿ ಇರೋರಿಗೆಲ್ಲಾ ಈ ಮೀಟಿಂಗ್ ಗೊತ್ತಿರುತ್ತೆ. ಹಳೇ ಅರ್ಜಿ ಫಾರಂ ಒಂದನ್ನ ಟೇಬಲ್ ಮೇಲಿಟ್ಟು "ಇದನ್ನೇ ಆನ್‌ಲೈನ್ ಮಾಡಿಕೊಡಿ, ಮೂರು ತಿಂಗಳಲ್ಲಿ ಗೋ-ಲೈವ್ ಆಗ್ಬೇಕು" ಅಂತಾರೆ, ಅಂದ್ರೆ ಜನರ ಬಳಕೆಗೆ ಬರ್ಬೇಕು. ಇತ್ತೀಚೆಗೆ ಅದರ ಜೊತೆಗೆ "ಸ್ವಲ್ಪ ಎಐ ಕೂಡ ಹಾಕಿ" ಅನ್ನೋದು ಬೇರೆ ಸೇರ್ಕೊಂಡಿದೆ. ಸರ್ವರ್ ಎಲ್ಲಿರ್ಬೇಕು, ಡೇಟಾ ಸುರಕ್ಷತೆ ಹೇಗೆ, ಮೊಬೈಲ್‌ನಲ್ಲಿ ಸರಿಯಾಗಿ ತೆರೆಯುತ್ತಾ, ಎಲ್ಲಾ ಮುಖ್ಯವೇ, ಅದರ ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳೋದು ಒಂದೇ ವಿಷಯ, ಪ್ರತಿ ಪ್ರಾಜೆಕ್ಟಲ್ಲೂ ಹೇಳಿ ಹೇಳಿ ಸಾಕಾಗಿದೆ, ಆದ್ರೂ ಮತ್ತೆ ಹೇಳ್ತೀನಿ. ನಿಮ್ಮ ನಿಯಮದಲ್ಲಿ ಉತ್ತರ ಇಲ್ಲದ ಪ್ರಶ್ನೆಗೂ ಸಾಫ್ಟ್‌ವೇರ್ ಒಂದು ಉತ್ತರ ಕೊಟ್ಟೇ ಕೊಡುತ್ತೆ, ಆ ಉತ್ತರ ಯಾರು ತೀರ್ಮಾನ ಮಾಡಿದ್ರು ಅಂತ ಆಮೇಲೆ ಹುಡುಕಿದ್ರೂ ಸಿಗಲ್ಲ.

ಬಿಡಿಸಿ ಹೇಳ್ಬೇಕು ಅಂದ್ರೆ, ವಿಧವಾ ಪಿಂಚಣಿ ಅರ್ಜಿ ತಗೊಳ್ಳಿ. ಅದರಲ್ಲಿ ಗಂಡ ತೀರಿಕೊಂಡ ದಿನಾಂಕದ ಕಾಲಂ ಇರುತ್ತೆ. ಗಂಡ ಎಷ್ಟೋ ವರ್ಷದಿಂದ ಕಾಣೆಯಾಗಿದ್ದಾನೆ, ಬದುಕಿದ್ದಾನೋ ಇಲ್ವೋ ಗೊತ್ತಿಲ್ಲ ಅನ್ನೋ ಹೆಂಗಸು ಬಂದ್ರೆ? ಕಾಗದದ ಕಾಲದಲ್ಲಿ ಗುಮಾಸ್ತರು ಆ ಕಾಲಂ ಖಾಲಿ ಬಿಟ್ಟು, ಪಕ್ಕದ ಮಾರ್ಜಿನ್‌ನಲ್ಲಿ "ಪತಿ ನಾಪತ್ತೆ, ಪೊಲೀಸ್ ದೂರಿನ ಪ್ರತಿ ಲಗತ್ತಿಸಿದೆ, ಆದೇಶಕ್ಕಾಗಿ" ಅಂತ ಬರೆದು ಫೈಲ್ ಮೇಲಕ್ಕೆ ಕಳಿಸ್ತಿದ್ರು. ಮೇಲಿನವರು ಒಪ್ಪಬಹುದು, ಬಿಡಬಹುದು, ಆದ್ರೆ ಒಬ್ಬ ಮನುಷ್ಯ ಓದಿ ಸಹಿ ಹಾಕ್ತಿದ್ದ. ಈಗ ಅದೇ ಕಾಲಂ ಸ್ಕ್ರೀನ್ ಮೇಲೆ ಬಂತು, ಪಕ್ಕದಲ್ಲಿ ಕೆಂಪು ನಕ್ಷತ್ರ. ದಿನಾಂಕ ಹಾಕದಿದ್ರೆ ಮುಂದಿನ ಪೇಜಿಗೆ ಹೋಗಲ್ಲ. ಅರ್ಜಿ ತಿರಸ್ಕಾರ ಕೂಡ ಆಗಿಲ್ಲ ನೋಡಿ, ದಾಖಲೇ ಆಗಿಲ್ಲ, ಮೇಲ್ಮನವಿ ಹಾಕೋಣ ಅಂದ್ರೆ ಹಾಕೋಕೆ ಆದೇಶವೇ ಇಲ್ಲ. ಇಂಥ ಹೆಂಗಸರಿಗೆ ಪಿಂಚಣಿ ಇಲ್ಲ ಅಂತ ಯಾವ ಸಭೆನೂ ತೀರ್ಮಾನ ಮಾಡಿರಲಿಲ್ಲ. ಫಾರಂನಲ್ಲಿ ಕಾಲಂ ಇತ್ತು, ಡೆವಲಪರ್ ಹುಡುಗ ಅದನ್ನ ಕಡ್ಡಾಯ ಮಾಡಿದ, ಅಷ್ಟೇ, ಅದೇ ಕಾನೂನಾಯ್ತು. ಆ ಹುಡುಗನನ್ನ ಬೈಯ್ಯೋಕೆ ನನಗೆ ಮನಸ್ಸಿಲ್ಲ, ಅವನು ಕೇಳಿದ ಪ್ರಶ್ನೆಗೆ ಮೀಟಿಂಗಲ್ಲಿ ಯಾರೂ ಉತ್ತರ ಕೊಟ್ಟಿರಲ್ಲ.

ಒಂದು ಇಲಾಖೆಯಲ್ಲಿ ಟೆಸ್ಟಿಂಗ್ ನಡೀವಾಗ ಕೌಂಟರಿನಲ್ಲಿ ವರ್ಷಗಟ್ಟಲೆ ಕೂತಿದ್ದ ಒಬ್ಬ ಮೇಡಂನ ಕರೆಸಿ ಅಂತ ಹಠ ಹಿಡಿದೆ. ದೊಡ್ಡವರೆಲ್ಲಾ ಕೂತಿರೋ ಕಡೆ ಇವರೇನು ಹೇಳ್ತಾರೆ ಅನ್ನೋ ಮುಖ ಎಲ್ಲರದ್ದೂ. ಅವರು ಕನ್ನಡಕ ಸರಿಮಾಡ್ಕೊಂಡು ಸ್ಕ್ರೀನ್ ಮೇಲಿಂದ ಕೆಳಗೆ ಒಂದ್ಸಲ ನೋಡಿ, "ಸಾರ್, ಇದ್ರಲ್ಲಿ ಮಾರ್ಜಿನ್ ಎಲ್ಲಿದೆ, ನಾನು ಎಲ್ಲಿ ಬರೀಲಿ?" ಅಂದ್ರು. ಆಮೇಲೆ ಬ್ಯಾಗಿಂದ ಒಂದು ನೋಟ್‌ಬುಕ್ ತೆಗೆದ್ರು, ಫಾರಂಗೆ ಹೊಂದದ ಕೇಸುಗಳನ್ನೆಲ್ಲಾ ಅದರಲ್ಲಿ ಗುರುತು ಹಾಕಿಟ್ಟಿದ್ರು, ಯಾವುದಕ್ಕೆ ಯಾವ ಸುತ್ತೋಲೆ ಬಂತು, ಯಾವುದಕ್ಕೆ ಇನ್ನೂ ಬಂದೇ ಇಲ್ಲ ಅನ್ನೋದರ ಸಮೇತ. ಸಾಫ್ಟ್‌ವೇರ್ ಏನೇನು ಮಾಡ್ಬೇಕು ಅಂತ ಬರೆದಿಟ್ಟ ನಮ್ಮ ರಿಕ್ವೈರ್‌ಮೆಂಟ್ ದಾಖಲೆಗಿಂತ ಆ ನೋಟ್‌ಬುಕ್ ಎಷ್ಟೋ ಮೇಲು. ಇಂಥವರು ಎಲ್ಲಾ ಕಚೇರಿಯಲ್ಲೂ ಇದ್ದಾರೆ, ಟೆಂಡರ್ ಕರೆಯೋವಾಗ ಮಾತ್ರ ಯಾರ ನೆನಪಿಗೂ ಬರಲ್ಲ.

ಇದು ಸಣ್ಣ ವಿಷಯ ಅನ್ನೋರು ಆಸ್ಟ್ರೇಲಿಯಾದ ರೋಬೋಡೆಟ್ ಕತೆ ಓದಿ. ಅಲ್ಲಿ ಸರ್ಕಾರದ ನೆರವು ಪಡೆಯೋರ ಆದಾಯವನ್ನ ಕಾನೂನಿನ ಪ್ರಕಾರ ಎರಡೆರಡು ವಾರಕ್ಕೆ ಲೆಕ್ಕ ಹಾಕ್ಬೇಕು. 2016ರಲ್ಲಿ ಪೂರ್ತಿ ಜಾರಿಗೆ ಬಂದ ಸಿಸ್ಟಂ ಏನು ಮಾಡ್ತು ಅಂದ್ರೆ, ತೆರಿಗೆ ಇಲಾಖೆಯಿಂದ ವರ್ಷದ ಒಟ್ಟು ಆದಾಯ ತಗೊಂಡು 26 ಭಾಗ ಮಾಡಿಬಿಡ್ತು. ಒಬ್ಬರು ವರ್ಷದಲ್ಲಿ 13 ಸಲ ಎರಡು ವಾರಕ್ಕೆ 1,500 ಡಾಲರ್‌ನಂತೆ ದುಡಿದು, ಉಳಿದ ಅರ್ಧ ವರ್ಷ ಕೆಲಸ ಇಲ್ಲದೆ ನೆರವು ಪಡೆದಿದ್ರು ಅಂದ್ಕೊಳ್ಳಿ. ಒಟ್ಟು 19,500, ಅದನ್ನ 26ರಿಂದ ಭಾಗಿಸಿದ್ರೆ 750. ಅಂದ್ರೆ ಕೈಯಲ್ಲಿ ಏನೂ ಇಲ್ಲದೆ ಕೂತಿದ್ದ ವಾರಗಳಲ್ಲೂ ಇವರಿಗೆ 750 ಆದಾಯ ಇತ್ತು, ಸಲ್ಲಬೇಕಾದ್ದಕ್ಕಿಂತ ಹೆಚ್ಚು ನೆರವು ತಗೊಂಡ್ರು ಅಂತ ಲೆಕ್ಕ, ಹಣ ವಾಪಸ್ ಕಟ್ಟಿ ಅಂತ ನೋಟಿಸು. ಮೊದಲು ಇಲಾಖೆಯ ಸಿಬ್ಬಂದಿಯೇ ಆ ಜನರ ವೇತನದ ವಿವರ ತರಿಸಿ ಪರಿಶೀಲಿಸೋ ಕೆಲಸ ಇತ್ತು, ಅದನ್ನ ತೆಗೆದು, ತಪ್ಪಿದ್ರೆ ನೀವೇ ಸಾಬೀತು ಮಾಡಿ ಅಂತ ಜನರ ಮೇಲೇ ಹಾಕಿದ್ರು. ಕಾನೂನಿನ ಒಂದಕ್ಷರ ಬದಲಾಗಿರಲಿಲ್ಲ, ಒಂದು ಭಾಗಾಕಾರದಿಂದ ಕಾನೂನೇ ಬೇರೆ ಆಗಿಹೋಯ್ತು. ಸುಮಾರು 4,33,000 ಜನರ ಮೇಲೆ ಈ ಥರ ಕಾನೂನುಬಾಹಿರ ಸಾಲ ಹೊರಿಸಿದ್ರು, 2023ರ ಜುಲೈಯಲ್ಲಿ ಇದರ ತನಿಖೆಗೆ ಸರ್ಕಾರ ನೇಮಿಸಿದ್ದ ರಾಯಲ್ ಕಮಿಷನ್ ಅನ್ನೋ ಆಯೋಗದ ವರದಿ ಬಂತು. ಆ ಭಾಗಾಕಾರದಲ್ಲಿ ಕಂಪ್ಯೂಟರ್ ತಪ್ಪು ಮಾಡಿರಲಿಲ್ಲ ಅನ್ನೋದನ್ನ ಗಮನಿಸಿ, ನನ್ನ ಕ್ಲೈಂಟುಗಳು "ಟೆಸ್ಟಿಂಗ್ ಪಾಸಾಗಿದೆಯಲ್ಲ" ಅಂದಾಗೆಲ್ಲಾ ನನಗೆ ಇದೇ ನೆನಪಾಗೋದು.

ನೆದರ್ಲೆಂಡ್ಸ್‌ನಲ್ಲೂ ಮಕ್ಕಳ ಪಾಲನಾ ಭತ್ಯೆ ವಿಷಯದಲ್ಲಿ ಸಾವಿರಾರು ಕುಟುಂಬಗಳಿಗೆ ವಂಚಕರು ಅನ್ನೋ ಹಣೆಪಟ್ಟಿ ಕಟ್ಟಿ, ಚಿಕ್ಕಪುಟ್ಟ ಲೋಪಕ್ಕೂ ಪೂರ್ತಿ ಭತ್ಯೆ ವಾಪಸ್ ಕೇಳಿ, ಕೊನೆಗೆ 2021ರ ಜನವರಿಯಲ್ಲಿ ಸರ್ಕಾರವೇ ರಾಜೀನಾಮೆ ಕೊಡ್ಬೇಕಾಯ್ತು.

ಹಾಗಂತ ತಂತ್ರಜ್ಞಾನ ಬೇಡ ಅಂತ ನಾನು ಹೇಳ್ತಿಲ್ಲ, ನನ್ನ ಜೀವಮಾನದ ಕೆಲಸವೇ ಇದು. ಒಳ್ಳೇ ಸಿಸ್ಟಂ ಬಂದಾಗ ಜನ ಕಚೇರಿಗೆ ಅಲೆಯೋದು ನಿಲ್ಲುತ್ತೆ, ಅದನ್ನ ಕಣ್ಣಾರೆ ನೋಡಿ ಸಂತೋಷ ಪಟ್ಟಿದ್ದೀನಿ. ಎಸ್ಟೋನಿಯಾ ಥರ ಮಾಡಿಕೊಡಿ ಅಂತ ಬಹಳ ಜನ ಕೇಳ್ತಾರೆ, ಅವರ ಎಕ್ಸ್-ರೋಡ್ 2001ರಿಂದ ಇಲಾಖೆ ಇಲಾಖೆ ನಡುವೆ ಡೇಟಾ ಸಾಗಿಸ್ತಿದೆ, ನಿಜ. ಆದ್ರೆ ಒಂದೇ ಮಾಹಿತಿ ಸಂಗ್ರಹಿಸೋಕೆ ಎರಡು ಬೇರೆ ಬೇರೆ ಡೇಟಾಬೇಸ್ ಇಡಬಾರದು ಅಂತ ಅಲ್ಲಿ ಕಾನೂನಿದೆ. ನಮಗೆ ಎಕ್ಸ್-ರೋಡ್ ಬೇಕು, ಆ ಕಾನೂನು ಬೇಡ, ನಮ್ಮ ಡೇಟಾ ಪಕ್ಕದ ಇಲಾಖೆಗೆ ಕೊಡಲ್ಲ ಅಂದ್ರೆ ಯಾವ ಕಂಪನಿ ಬಂದ್ರೂ ಏನೂ ಮಾಡೋಕಾಗಲ್ಲ. ಡೆನ್ಮಾರ್ಕ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ, 2018ರಿಂದ ಹೊಸ ಕಾನೂನಿನ ಕರಡು ಬರೆಯೋವಾಗಲೇ ಇದನ್ನ ಡಿಜಿಟಲ್ ಆಗಿ ಜಾರಿ ಮಾಡೋಕಾಗುತ್ತಾ, ನಿಯಮ ಸರಳವಾಗಿ ಸ್ಪಷ್ಟವಾಗಿ ಇದೆಯಾ ಅಂತ ನೋಡ್ಲೇಬೇಕು. ಅದನ್ನ ಹಾಗೇ ಎತ್ತಿ ತಂದು ಎಲ್ಲಾ ಕಡೆ ಹಾಕೋಕಾಗುತ್ತೆ ಅಂತ ನಾನು ಭರವಸೆ ಕೊಡಲ್ಲ, ಅಧಿಕಾರಿಯ ವಿವೇಚನೆಗೇ ಬಿಡಬೇಕಾದ ವಿಷಯಗಳು ಇದ್ದೇ ಇರ್ತವೆ, ಮಕ್ಕಳ ರಕ್ಷಣೆ, ಅಂಗವೈಕಲ್ಯದ ಮೌಲ್ಯಮಾಪನ ಇಂಥವು. ಅಲ್ಲಿ ಸ್ಕ್ರೀನು ಅಧಿಕಾರಿಗೆ ಮಾಹಿತಿ ಒದಗಿಸಿ ಸುಮ್ಮನಿರ್ಬೇಕು.

ಎಐ ವಿಷಯದಲ್ಲಂತೂ ಇನ್ನೂ ಹುಷಾರು ಬೇಕು. ಮಾಮೂಲಿ ಕೋಡ್‌ನಲ್ಲಾದ್ರೆ ಕೆಂಪು ನಕ್ಷತ್ರ ಯಾವ ಸಾಲಲ್ಲಿದೆ ಅಂತ ತೆರೆದು ತೋರಿಸಬಹುದು, ಹಳೇ ತೀರ್ಮಾನಗಳಿಂದ ಕಲಿತ ಮಾದರಿಯಲ್ಲಿ ಅದೂ ಕಷ್ಟ. ಐರೋಪ್ಯ ಒಕ್ಕೂಟದ 2024ರ ಎಐ ಕಾಯ್ದೆ ಸರ್ಕಾರಿ ನೆರವಿನ ಅರ್ಹತೆ ಅಳೆಯೋ ಸಿಸ್ಟಂಗಳನ್ನ ಹೆಚ್ಚು ಅಪಾಯದ ಪಟ್ಟಿಗೆ ಸೇರಿಸಿರೋದು ಸುಮ್ಮನೆ ಅಲ್ಲ.

ಈಗ ಯಾವ ಇಲಾಖೆ ಕರೆದ್ರೂ ನಾನು ಮೊದಲು ಕೇಳೋದು ಅರ್ಜಿ ಫಾರಂ ಅಲ್ಲ, ಕಳೆದ ವರ್ಷ ತಿರಸ್ಕಾರವಾದ ಮತ್ತು ವರ್ಷಗಟ್ಟಲೆ ಬಾಕಿ ಬಿದ್ದ ಫೈಲುಗಳ ಕಟ್ಟು, ಜೊತೆಗೆ ಕೌಂಟರಿನವರ ಒಂದೆರಡು ದಿನದ ಸಮಯ. ಅವರ ಜೊತೆ ಕೂತು ನಿಯಮದಲ್ಲಿ ಉತ್ತರ ಇಲ್ಲದ ಪ್ರಶ್ನೆಗಳ ಪಟ್ಟಿ ಮಾಡ್ತೀವಿ, ಪ್ರತಿಯೊಂದರ ಮುಂದೆ ಇಲಾಖೆಯ ಉತ್ತರ, ತೀರ್ಮಾನ ಮಾಡಿದ ಅಧಿಕಾರಿಯ ಹೆಸರು, ಸಹಿ. ಉತ್ತರ ಗೊತ್ತಿಲ್ಲ ಅಂದ್ರೆ "ಗೊತ್ತಿಲ್ಲ, ಮೇಲಿನ ಅಧಿಕಾರಿಗೆ ಕಳಿಸಿ" ಅಂತ ಬರೆದ್ರೂ ಆಯ್ತು, ಆ ದಾರಿನೂ ಸ್ಕ್ರೀನಲ್ಲಿ ಇಡ್ತೀವಿ. ಪಟ್ಟಿಗೆ ಸಹಿ ಬೀಳೋವರೆಗೂ ಡೆವಲಪರ್ ಹುಡುಗರಿಗೆ ಒಂದು ಸಾಲೂ ಬರೀಬೇಡಿ ಅಂತ ಹೇಳಿರ್ತೀನಿ. ಗೋ-ಲೈವ್ ದಿನಾಂಕ ಮುಂದೆ ಹೋಗುತ್ತಲ್ಲ ಅಂತ ಬೇಜಾರು ಮಾಡ್ಕೊಳ್ತಾರೆ, ಹೋಗಲಿ ಸಾರ್ ಅಂತೀನಿ.