ಡಾಲರ್ ಚಿಹ್ನೆಯ ಎಡಕ್ಕೆ ಏನಿರಬೇಕು?

ಉಬುಂಟು ಎಂಬ ಕಾರ್ಯಾಚರಣಾ ವ್ಯವಸ್ಥೆ ಇರುವ ಕಂಪ್ಯೂಟರಿನಲ್ಲಿ ಟರ್ಮಿನಲ್, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ, ತೆರೆದರೆ ಮೊದಲು ಕಾಣುವುದು ಒಂದು ಸಾಲು. ಬಳಕೆದಾರರ ಹೆಸರು, ಆಮೇಲೆ @, ಯಂತ್ರದ ಹೆಸರು, ಒಂದು ಕೋಲನ್, ಒಂದು ~, ಕೊನೆಗೆ $. ಇದು ಶೆಲ್ ಪ್ರಾಂಪ್ಟ್. ಶೆಲ್ ಎಂದರೆ ನಾವು ಟೈಪ್ ಮಾಡಿದ ಆಜ್ಞೆಯನ್ನು ಓದಿ ನಡೆಸುವ ಪ್ರೋಗ್ರಾಂ. ಪ್ರಾಂಪ್ಟ್ ಎಂದರೆ ಹಿಂದಿನ ಕೆಲಸ ಮುಗಿಯಿತು, ಮುಂದಿನದು ಹೇಳಿ ಎಂದು ಯಂತ್ರ ಕೊಡುವ ಸೂಚನೆ. ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ ಈ ಸಾಲನ್ನು ದಿನಕ್ಕೆ ನೂರಾರು ಸಲ ನೋಡುವವರು ಬೆಂಗಳೂರಿನಲ್ಲಿ ಎಲ್ಲ ಕಡೆ ಇದ್ದಾರೆ. ಅದನ್ನು ಬದಲಿಸಿಕೊಂಡವರೂ ಬಹಳ ಮಂದಿ. ಬಣ್ಣ, ಬಾಣ, ಗಡಿಯಾರ, ಬ್ಯಾಟರಿಯ ಚಿತ್ರ, ಏನು ಬೇಕಾದರೂ ಹಾಕಬಹುದು. ಹೊಸದಾಗಿ ಕೆಲಸಕ್ಕೆ ಸೇರಿದವರು ಯಾವ ಥೀಮ್ ಚೆನ್ನಾಗಿದೆ ಎಂದು ಕೇಳಿದಾಗ ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ: ಈ ಸಾಲು ನಿಮಗೆ ಏನು ಹೇಳಬೇಕು? ಯಾಕೆಂದರೆ ಆ ಸಾಲಿನ ಒಂದೊಂದು ಚಿಹ್ನೆಯೂ ಒಂದೊಂದು ಕಾಲದಲ್ಲಿ, ಯಾರಿಗೋ ನಿಜವಾಗಿ ಬೇಕಾಗಿದ್ದ ಕಾರಣಕ್ಕೆ ಬಂದು ಕೂತದ್ದು.

ಶುರುವಿನಲ್ಲಿ ಬೇಕಾಗಿದ್ದದ್ದು ಲೆಕ್ಕ. 1960ರ ದಶಕದ ಆರಂಭದಲ್ಲಿ ಎಂಐಟಿಯಲ್ಲಿ ರೂಪುಗೊಂಡ ಸಿಟಿಎಸ್‌ಎಸ್ ವ್ಯವಸ್ಥೆಯಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುತ್ತಿದ್ದರು. ಪ್ರತಿ ಆಜ್ಞೆ ಮುಗಿದ ಮೇಲೆ ಯಂತ್ರ 'ಆರ್' ಎಂಬ ಅಕ್ಷರ ಮುದ್ರಿಸಿ, ಅದರ ಮುಂದೆ ಆ ಕೆಲಸ ಎಷ್ಟು ಸೆಕೆಂಡು ಪ್ರೊಸೆಸರ್ ಸಮಯ ತಿಂದಿತು ಎಂದು ಅಚ್ಚೊತ್ತುತ್ತಿತ್ತು. ಸಮಯ ಹಂಚಿಕೊಂಡು ಬಳಸುವವರಿಗೆ ಅದಕ್ಕಿಂತ ಮುಖ್ಯವಾದ ಮಾಹಿತಿ ಬೇರೆ ಇರಲಿಲ್ಲ. ಅದರ ಮುಂದಿನ ಪೀಳಿಗೆಯಾದ ಮಲ್ಟಿಕ್ಸ್‌ನಲ್ಲಿ ಈ ಸಾಲಿಗೆ ಗಂಟೆಯೂ ಸೇರಿತು. ಅಷ್ಟೇ ಅಲ್ಲ, ಅದರಲ್ಲಿ ಏನೇನು ಬರಬೇಕು ಎಂದು ಬಳಕೆದಾರರೇ ನಿರ್ಧರಿಸಲು ಪ್ರತ್ಯೇಕ ಆಜ್ಞೆಯೇ ಇತ್ತು. ಪ್ರಾಂಪ್ಟ್ ಬದಲಿಸುವ ಹವ್ಯಾಸ ಇಂದು ನಿನ್ನೆಯದಲ್ಲ.

ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಬಂದಾಗ ಈ ವಿವರವೆಲ್ಲ ಮಾಯವಾಗಿ ಒಂದೇ ಚಿಹ್ನೆ ಉಳಿಯಿತು. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಬರೆದ ಶೆಲ್, 1975ರ ಆರನೇ ಆವೃತ್ತಿಯಲ್ಲೂ ತೋರಿಸುತ್ತಿದ್ದದ್ದು ಬರೀ %. ಇಷ್ಟು ಜಿಪುಣತನ ಯಾಕೆ ಎಂದು ತಿಳಿಯಬೇಕಾದರೆ ಅವರ ಎದುರಿಗಿದ್ದ ಯಂತ್ರವನ್ನು ನೋಡಬೇಕು. ಟೆಲಿಟೈಪ್ ಮಾಡೆಲ್ 33ಕ್ಕೆ ಪರದೆ ಇರಲಿಲ್ಲ, ಕಾಗದದ ಸುರುಳಿ ಇತ್ತು. ಸೆಕೆಂಡಿಗೆ ಹತ್ತು ಅಕ್ಷರ ಮಾತ್ರ ಅಚ್ಚಾಗುತ್ತಿತ್ತು. ನಾವು ಇಂದು ಇಟ್ಟುಕೊಳ್ಳುವ ನಲವತ್ತು ಅಕ್ಷರದ ಪ್ರಾಂಪ್ಟ್ ಅದರ ಮೇಲೆ ಬರಬೇಕಾದರೆ ಪ್ರತಿ ಸಲವೂ ನಾಲ್ಕು ಸೆಕೆಂಡು ಖಟಖಟ ಸದ್ದು ಕೇಳುತ್ತ ಕಾಯಬೇಕಿತ್ತು. ಯುನಿಕ್ಸ್‌ನ ಹಲವು ಆಜ್ಞೆಗಳು ಎರಡು ಮೂರು ಅಕ್ಷರದಲ್ಲಿ ಮುಗಿಯುವುದಕ್ಕೂ ಇದೇ ಕಾರಣ.

1979ರ ಏಳನೇ ಆವೃತ್ತಿಯಲ್ಲಿ ಸ್ಟೀವ್ ಬೋರ್ನ್ ಬರೆದ ಹೊಸ ಶೆಲ್ ಬಂತು. $ ಅಲ್ಲಿಂದ ಬಂದದ್ದು. ಚಿಹ್ನೆಗಿಂತ ದೊಡ್ಡ ಸಂಗತಿ ಎಂದರೆ ಬೋರ್ನ್ ಅದನ್ನು ಪ್ರೋಗ್ರಾಮಿನೊಳಗೆ ಹೂತಿಡದೆ ಪಿಎಸ್‌1 ಎಂಬ ವೇರಿಯಬಲ್‌ನಲ್ಲಿ ಇಟ್ಟರು. ಅರ್ಧಕ್ಕೆ ನಿಂತ ಆಜ್ಞೆ ಮುಂದುವರಿಯುವಾಗ ಕಾಣುವ > ಚಿಹ್ನೆಗೆ ಪಿಎಸ್‌2. ವೇರಿಯಬಲ್ ಅಂದಮೇಲೆ ಯಾರು ಬೇಕಾದರೂ ಬದಲಿಸಬಹುದು. ಇವತ್ತಿಗೂ ನಾವು ತಿದ್ದುವುದು ಅದೇ ಪಿಎಸ್‌1 ಅನ್ನು. ಸರ್ವಾಧಿಕಾರವಿರುವ ರೂಟ್ ಬಳಕೆದಾರರಿಗೆ $ ಬದಲು # ತೋರಿಸುವ ಪದ್ಧತಿಯೂ ಹಳೆಯದು. ಒಂದೇ ಅಕ್ಷರದ ಎಚ್ಚರಿಕೆ, ಆದರೆ ಪ್ರಾಂಪ್ಟಿನ ಇತಿಹಾಸದಲ್ಲಿ ಅತಿ ಹೆಚ್ಚು ಅನಾಹುತ ತಪ್ಪಿಸಿರುವುದು ಅದೇ ಇರಬೇಕು ಎಂದು ನನ್ನ ನಂಬಿಕೆ.

ಅದೇ ಹೊತ್ತಿಗೆ ಬರ್ಕ್ಲಿಯಲ್ಲಿ ಬಿಲ್ ಜಾಯ್ ಸಿ ಶೆಲ್ ಬರೆದರು. ಬಳಕೆದಾರರ ಸ್ವಂತ ಕಡತಗಳಿರುವ ಮನೆ ಫೋಲ್ಡರಿಗೆ ~ ಎನ್ನುವ ರೂಢಿ ಅಲ್ಲಿಯದು. ಅಲ್ಲಿ ಬಳಕೆಯಲ್ಲಿದ್ದ ಎಡಿಎಂ-3ಎ ಟರ್ಮಿನಲ್ಲಿನ ಕೀಲಿಮಣೆಯಲ್ಲಿ ಹೋಮ್ ಕೀಲಿಯೂ ~ ಕೀಲಿಯೂ ಒಂದೇ ಆಗಿದ್ದವು. 1989ರಲ್ಲಿ ಬ್ರಯನ್ ಫಾಕ್ಸ್ ಬರೆದ ಬ್ಯಾಶ್ ಎಂಬ ಶೆಲ್ ಬಂದ ಮೇಲೆ ಪ್ರಾಂಪ್ಟಿಗೆ ಒಂದು ಪುಟ್ಟ ಭಾಷೆಯೇ ಸಿಕ್ಕಿತು. ಬ್ಯಾಕ್‌ಸ್ಲ್ಯಾಶ್ ಯು ಎಂದರೆ ಬಳಕೆದಾರರ ಹೆಸರು, ಬ್ಯಾಕ್‌ಸ್ಲ್ಯಾಶ್ ಎಚ್ ಎಂದರೆ ಯಂತ್ರದ ಹೆಸರು, ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಎಂದರೆ ಈಗ ನಿಂತಿರುವ ಫೋಲ್ಡರ್. ಉಬುಂಟುವಿನ ಸಾಲಿನಲ್ಲಿರುವ @ ಮತ್ತು ಕೋಲನ್ ಕೂಡ ಸುಮ್ಮನೆ ಬಂದವಲ್ಲ. ಯಂತ್ರದಿಂದ ಯಂತ್ರಕ್ಕೆ ಕಡತ ಕಳಿಸುವ ಎಸ್‌ಸಿಪಿ ಆಜ್ಞೆಗೆ ದೂರದ ಯಂತ್ರದ ವಿಳಾಸ ಕೊಡುವ ಕ್ರಮವೇ ಅದು. ಯಂತ್ರಗಳ ಹೆಸರು ಸರಿಯಾಗಿದ್ದರೆ ಪ್ರಾಂಪ್ಟಿನಿಂದಲೇ ಕಾಪಿ ಮಾಡಿ ಅಂಟಿಸಬಹುದು.

ನಮ್ಮಲ್ಲಿ ತುಂಬ ಜನ ಮೊದಲು ಕಂಡದ್ದು ಯುನಿಕ್ಸ್ ಅಲ್ಲ, ಡಾಸ್. ಟೈಪಿಂಗ್ ಕಲಿಸುತ್ತಿದ್ದ ಕಡೆಯಲ್ಲೇ ಒಂದೆರಡು ಪಿಸಿ ಇಟ್ಟು ಕಂಪ್ಯೂಟರ್ ಕ್ಲಾಸ್ ಬೋರ್ಡು ಹಾಕಿದ ಕಾಲ ಅದು. 1981ರಲ್ಲಿ ಐಬಿಎಂ ಪಿಸಿ ಜೊತೆ ಬಂದ ಡಾಸ್ ತೋರಿಸುತ್ತಿದ್ದದ್ದು ಎ>. ಗ್ಯಾರಿ ಕಿಲ್ಡಾಲ್ ಅವರ ಹಳೆಯ ಕಾರ್ಯಾಚರಣಾ ವ್ಯವಸ್ಥೆ ಸಿಪಿ/ಎಂನಿಂದ ಬಂದ ರೂಢಿ. 1983ರ ಡಾಸ್ 2.0ದಲ್ಲಿ ಫೋಲ್ಡರುಗಳು ಬಂದವು, ಜೊತೆಗೆ ಪ್ರಾಂಪ್ಟ್ ಬದಲಿಸುವ ಸೌಲಭ್ಯವೂ ಬಳಕೆಗೆ ಬಂತು. $ಪಿ$ಜಿ ಎಂದು ಬರೆದರೆ ಎಲ್ಲಿದ್ದೇವೆ ಎಂಬುದು ಪೂರ್ತಿ ಕಾಣುತ್ತಿತ್ತು. ಆದರೆ ಅದಕ್ಕೊಂದು ಬೆಲೆ ಇತ್ತು. ಫೋಲ್ಡರಿನ ಹೆಸರು ತೋರಿಸಲು ಡಾಸ್ ಪ್ರತಿ ಸಲ ಡಿಸ್ಕನ್ನು ಓದಬೇಕು. ಫ್ಲಾಪಿಯನ್ನು ಹೊರಗೆಳೆದು ಎಂಟರ್ ಒತ್ತಿದರೆ ಪ್ರಾಂಪ್ಟ್ ಬರುವ ಬದಲು ಡ್ರೈವ್ ಸಿದ್ಧವಿಲ್ಲ ಎಂಬ ದೂರು ಬರುತ್ತಿತ್ತು. ಮಾಹಿತಿ ಹೆಚ್ಚಾದಂತೆ ಪ್ರಾಂಪ್ಟ್ ಬರುವ ಮುನ್ನ ಯಂತ್ರ ಮಾಡಬೇಕಾದ ಕೆಲಸವೂ ಹೆಚ್ಚುತ್ತದೆ ಎಂಬುದು ಅವತ್ತೇ ಗೊತ್ತಾಗಿತ್ತು. ಈ ಮಾತಿಗೆ ಮತ್ತೆ ಬರಬೇಕಾಗುತ್ತದೆ.

ಯುನಿಕ್ಸ್ ಮಾದರಿಯ ಲಿನಕ್ಸ್ ಇಲ್ಲಿನ ಸಾಮಾನ್ಯ ವಿದ್ಯಾರ್ಥಿಗಳ ಕೈಗೆ ಬಂದದ್ದು 1990ರ ದಶಕದ ಎರಡನೇ ಅರ್ಧದಲ್ಲಿ, ಮುಖ್ಯವಾಗಿ ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ ಬರುತ್ತಿದ್ದ ಸಿಡಿಗಳ ಮೂಲಕ. ಆ ಕೆಲಸದ ಹಿಂದೆ ಬೆಂಗಳೂರಿನ ಅತುಲ್ ಚಿಟ್ನಿಸ್ ಇದ್ದರು. 2001ರಲ್ಲಿ ಶುರುವಾದ ಲಿನಕ್ಸ್ ಬೆಂಗಳೂರು ಸಮ್ಮೇಳನ, 2005ರಲ್ಲಿ ಫಾಸ್ ಡಾಟ್ ಇನ್ ಎಂದಾದದ್ದು, ಆ ಉತ್ಸಾಹದ ಮುಂದುವರಿಕೆ. ರೆಡ್ ಹ್ಯಾಟ್ ಎಂಬ ಲಿನಕ್ಸ್ ಹಾಕಿಕೊಂಡವರ ಪರದೆಯ ಮೇಲೆಲ್ಲ ಒಂದೇ ಸಾಲು: ಚೌಕ ಕಂಸದೊಳಗೆ ರೂಟ್ @ ಲೋಕಲ್‌ಹೋಸ್ಟ್, ಹೊರಗೆ #. ಎಲ್ಲ ಯಂತ್ರಕ್ಕೂ ಲೋಕಲ್‌ಹೋಸ್ಟ್ ಎಂದೇ ಹೆಸರು. ಮನೆಯಲ್ಲಿ ಒಂದೇ ಪಿಸಿ ಇದ್ದವರಿಗೆ ಅದರಿಂದ ನಷ್ಟವಿರಲಿಲ್ಲ.

ಆದರೆ ಕೆಲಸದ ಜಾಗದಲ್ಲಿ ಆ ಹೆಸರೇ ಎಲ್ಲಕ್ಕಿಂತ ಮುಖ್ಯ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕಚೇರಿ ತೆರೆದು ಉಪಗ್ರಹ ಸಂಪರ್ಕದ ಮೂಲಕ ಅಮೆರಿಕದ ಜೊತೆ ಕೆಲಸ ಮಾಡತೊಡಗಿದಾಗಿನಿಂದ ಈ ಊರಿನ ಕಂಪ್ಯೂಟರ್ ಕೆಲಸದ ದೊಡ್ಡ ಪಾಲು ದೂರದ ಯಂತ್ರಗಳ ಮೇಲೇ ನಡೆದಿದೆ. ಒಬ್ಬರ ಎದುರಿಗೆ ಏಳೆಂಟು ಟರ್ಮಿನಲ್ ಕಿಟಕಿಗಳು ತೆರೆದಿರುತ್ತವೆ. ಒಂದು ಮುಂಬೈಯದ್ದು, ಒಂದು ಫ್ರಾಂಕ್‌ಫರ್ಟಿನದು, ಒಂದು ಪರೀಕ್ಷೆಗೆ ಇಟ್ಟದ್ದು, ಒಂದು ಲಕ್ಷಾಂತರ ಜನ ಆ ಕ್ಷಣದಲ್ಲಿ ಬಳಸುತ್ತಿರುವುದು. ಕಣ್ಣಿಗೆ ಎಲ್ಲವೂ ಒಂದೇ ಕಪ್ಪು ಚೌಕ.

ಇದು ಎಷ್ಟು ಗಂಭೀರ ಎಂಬುದಕ್ಕೆ ಸಾರ್ವಜನಿಕವಾಗಿ ದಾಖಲಾಗಿರುವ ಉದಾಹರಣೆ, ಪ್ರೋಗ್ರಾಂ ಕೋಡನ್ನು ಅಂತರ್ಜಾಲದಲ್ಲಿ ಇಟ್ಟುಕೊಡುವ ಸಂಸ್ಥೆಯಾದ ಗಿಟ್‌ಲ್ಯಾಬ್‌ನದು. 2017ರ ಜನವರಿ 31ರ ರಾತ್ರಿ, ಜಾಗತಿಕ ಪ್ರಮಾಣಿತ ಸಮಯವಾದ ಯುಟಿಸಿಯಲ್ಲಿ 11 ಗಂಟೆಯ ಸುಮಾರಿಗೆ, ನಮ್ಮಲ್ಲಿ ಫೆಬ್ರವರಿ 1ರ ನಸುಕು ನಾಲ್ಕೂವರೆಗೆ, ಬಹಳ ಹೊತ್ತಿನಿಂದ ದುಡಿಯುತ್ತಿದ್ದ ಎಂಜಿನಿಯರ್ ಒಬ್ಬರು ಎರಡನೇ ಡೇಟಾಬೇಸ್ ಸರ್ವರಿನಲ್ಲಿ ಅಳಿಸಬೇಕಾಗಿದ್ದ ಫೋಲ್ಡರನ್ನು ಮೊದಲನೆಯದರಲ್ಲಿ, ಅಂದರೆ ಚಾಲ್ತಿಯಲ್ಲಿದ್ದ ಮುಖ್ಯ ಸರ್ವರಿನಲ್ಲಿ ಅಳಿಸಿದರು. ತಪ್ಪು ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಸುಮಾರು ಆರು ಗಂಟೆಗಳ ದತ್ತಾಂಶ ಹೋಯಿತು. ಸಂಸ್ಥೆ ನಡೆದದ್ದನ್ನೆಲ್ಲ ಮುಚ್ಚಿಡದೆ ಬರೆದು ಪ್ರಕಟಿಸಿತು, ಅದಕ್ಕೆ ನಾವೆಲ್ಲ ಋಣಿಗಳು. ಅವರು ಪಟ್ಟಿ ಮಾಡಿದ ಪರಿಹಾರ ಕ್ರಮಗಳಲ್ಲಿ ಒಂದು: ಎಲ್ಲ ಸರ್ವರುಗಳ ಪಿಎಸ್‌1 ಬದಲಿಸಿ, ಯಾವ ಯಂತ್ರ, ಯಾವ ಪರಿಸರ (ಚಾಲ್ತಿಯದೋ ಪರೀಕ್ಷೆಯದೋ) ಎಂಬುದು ಎದ್ದು ಕಾಣುವಂತೆ ಮಾಡುವುದು.

ಹಾಗಾಗಿ ಪ್ರಾಂಪ್ಟ್ ಬದಲಿಸಲು ಕೂತವರು ಮೊದಲು ಮಾಡಬೇಕಾದದ್ದು ಲ್ಯಾಪ್‌ಟಾಪಿನ ಅಲಂಕಾರವಲ್ಲ, ಸರ್ವರಿನ ಗುರುತು. ಚಾಲ್ತಿಯಲ್ಲಿರುವ ಯಂತ್ರಕ್ಕೆ ಕೆಂಪು, ಪರೀಕ್ಷೆಯದಕ್ಕೆ ಹಸಿರು. ಕೆಂಪು ಹಸಿರು ಬೇರ್ಪಡಿಸಿ ಕಾಣದವರೂ ತಂಡದಲ್ಲಿ ಇರುತ್ತಾರೆ, ಆದ್ದರಿಂದ ಬಣ್ಣದ ಜೊತೆ ಅಕ್ಷರದಲ್ಲೂ ಬರೆಯಬೇಕು. ಗಂಟೆ ತೋರಿಸುವುದಾದರೆ ಯುಟಿಸಿಯೋ ಭಾರತದ ಐಎಸ್‌ಟಿಯೋ ಎಂದು ಪಕ್ಕದಲ್ಲೇ ಇರಲಿ. ಸರ್ವರುಗಳು ಹೆಚ್ಚಾಗಿ ಯುಟಿಸಿಯಲ್ಲಿ ಓಡುತ್ತವೆ. ಐದೂವರೆ ಗಂಟೆಯ ಆ ಅಂತರವನ್ನು ರಾತ್ರಿ ಪಾಳಿಯಲ್ಲಿ ಮನಸ್ಸಿನಲ್ಲೇ ಕೂಡಿ ಕಳೆಯುತ್ತ ಲಾಗ್ ಓದುವುದು ಸುಲಭವಲ್ಲ.

ಬಣ್ಣ ಹಾಕುವುದಕ್ಕೆ ಬಳಸುವ ಎಸ್ಕೇಪ್ ಸಂಕೇತಗಳು, ಅಂದರೆ ಪರದೆಗೆ ಆದೇಶ ಕೊಡುವ ಕಾಣದ ಅಕ್ಷರಗಳು, 1978ರ ವಿಟಿ100 ಟರ್ಮಿನಲ್ಲಿನಿಂದ ಜನಪ್ರಿಯವಾದ ಪದ್ಧತಿಯವು. ಸ್ವತಃ ವಿಟಿ100ಕ್ಕೆ ಬಣ್ಣವಿರಲಿಲ್ಲ, ದಪ್ಪಕ್ಷರ, ಮಿನುಗು ಇಂಥವು ಇದ್ದವು. ಇಲ್ಲಿ ಬ್ಯಾಶ್ ಬಳಸುವವರನ್ನು ಪದೇ ಪದೇ ಕಾಡುವ ತೊಂದರೆಯೊಂದಿದೆ. ಬಣ್ಣ ಹಾಕಿದ ಮೇಲೆ ಉದ್ದದ ಆಜ್ಞೆ ಟೈಪ್ ಮಾಡಿದರೆ ಅದು ಮುಂದಿನ ಸಾಲಿಗೆ ಹೋಗದೆ ಅದೇ ಸಾಲಿನ ಮೇಲೇ ಬರೆದುಕೊಳ್ಳುತ್ತದೆ. ಕಾರಣ ಎಣಿಕೆ. ಸಾಲು ಎಲ್ಲಿ ಮುರಿಯಬೇಕು ಎಂದು ತಿಳಿಯಲು ಬ್ಯಾಶ್ ಪ್ರಾಂಪ್ಟಿನ ಅಕ್ಷರಗಳನ್ನು ಎಣಿಸುತ್ತದೆ, ಪರದೆಯ ಮೇಲೆ ಕಾಣದ ಬಣ್ಣದ ಸಂಕೇತಗಳನ್ನೂ ಸೇರಿಸಿಕೊಳ್ಳುತ್ತದೆ. ಅವುಗಳ ಎರಡೂ ಬದಿಗೆ \[ ಮತ್ತು \] ಹಾಕಿದರೆ ಅಷ್ಟನ್ನು ಎಣಿಕೆಯಿಂದ ಬಿಡುತ್ತದೆ. ತೊಂದರೆ ಅಲ್ಲಿಗೆ ಮುಗಿಯಿತು.

ಮುಂದಿನದು ಬೇಗ ಹೇಳಬಹುದಾದ ಕಥೆ. 1990ರಲ್ಲಿ ಪ್ರಿನ್ಸ್‌ಟನ್ನಿನ ವಿದ್ಯಾರ್ಥಿ ಪಾಲ್ ಫಾಲ್‌ಸ್ಟಡ್ ಬರೆದ ಜೆಡ್‌ಶೆಲ್‌ನಲ್ಲಿ ಪರದೆಯ ಬಲಬದಿಗೂ ಪ್ರಾಂಪ್ಟ್ ಇಡಬಹುದಾಯಿತು. 2009ರ ಓ ಮೈ ಜೆಡ್‌ಶೆಲ್ ಥೀಮುಗಳನ್ನು ಕಟ್ಟಿ ಕೊಟ್ಟಿತು. 2019ರಲ್ಲಿ ಮ್ಯಾಕ್‌ನ ಕ್ಯಾಟಲಿನಾ ಆವೃತ್ತಿ ಜೆಡ್‌ಶೆಲ್ಲನ್ನೇ ಮೂಲ ಶೆಲ್ ಮಾಡಿಕೊಂಡಿತು. ಅದೇ ವರ್ಷ ಯಾವ ಶೆಲ್‌ಗಾದರೂ ಹೊಂದುವ ಪ್ರಾಂಪ್ಟ್ ತಂತ್ರಾಂಶ ಸ್ಟಾರ್‌ಶಿಪ್ ಬಂತು. ಅದು ಆಜ್ಞೆ ಎಷ್ಟು ಸೆಕೆಂಡು ಓಡಿತು ಎಂದು ತೋರಿಸುತ್ತದೆ. ಸಿಟಿಎಸ್‌ಎಸ್ ಮುದ್ರಿಸುತ್ತಿದ್ದದ್ದಕ್ಕೆ ಬಹಳ ಹತ್ತಿರದ ಲೆಕ್ಕ.

ಇವೆಲ್ಲವೂ ಮುಖ್ಯವಾಗಿ ತೋರಿಸುವುದು ಗಿಟ್‌ನ ಶಾಖೆಯ ಹೆಸರು. ಗಿಟ್ ಎಂದರೆ ಕೋಡಿನ ಬದಲಾವಣೆಗಳ ದಾಖಲೆ ಇಡುವ ತಂತ್ರಾಂಶ, ಶಾಖೆ ಎಂದರೆ ಅದರಲ್ಲಿ ಒಂದೊಂದು ಕೆಲಸಕ್ಕೆ ಬೇರೆಯಾಗಿ ಬೆಳೆಸುವ ಕವಲು. 2005ರಲ್ಲಿ ಗಿಟ್ ಬಂದ ಮೇಲೆ ಯಾವ ಫೋಲ್ಡರ್ ಎಂಬಷ್ಟೇ ಯಾವ ಶಾಖೆ ಎಂಬುದೂ ಮುಖ್ಯವಾಯಿತು. ನ್ಯಾಯವಾದ ಅಗತ್ಯವೇ. ಆದರೆ ಕಡತಗಳು ಬದಲಾಗಿವೆಯೇ ಎಂದು ತೋರಿಸಬೇಕಾದರೆ ಪ್ರತಿ ಎಂಟರಿಗೂ ಇಡೀ ಕೋಡನ್ನು ತಡಕಬೇಕು. ದೊಡ್ಡ ಪ್ರಾಜೆಕ್ಟುಗಳಲ್ಲಿ ಪ್ರಾಂಪ್ಟ್ ಬರುವುದೇ ತಡವಾಗುತ್ತದೆ. ಫ್ಲಾಪಿ ಕಾಲದ ಬೆಲೆಯನ್ನೇ ಇಲ್ಲೂ ತೆರಬೇಕು. ಇನ್ನೊಂದು ಅಪಾಯವೂ ಇತ್ತು: ಯಾರೋ ಇಟ್ಟ ಶಾಖೆಯ ಹೆಸರಿನೊಳಗೆ ಆಜ್ಞೆ ಅಡಗಿಸಿಟ್ಟರೆ, ಗಿಟ್ ಜೊತೆ ಬರುತ್ತಿದ್ದ ಪ್ರಾಂಪ್ಟ್ ಕಡತ ಬಳಸುವವರ ಯಂತ್ರದಲ್ಲಿ ಅದು ತಾನಾಗಿ ಓಡಿಬಿಡುವ ಸಾಧ್ಯತೆ. 2014ರಲ್ಲಿ ಅದನ್ನು ಸರಿಪಡಿಸಿದರು. ಥೀಮ್ ಎನ್ನುವುದು ಬಣ್ಣದ ಪಟ್ಟಿಯಲ್ಲ, ನಿಮ್ಮ ಅಧಿಕಾರದಲ್ಲಿ ಪ್ರತಿ ಸಲ ಓಡುವ ಪ್ರೋಗ್ರಾಂ. ಓದಿ ನೋಡದೆ ಯಾರದೋ ಕಡತವನ್ನು ತಂದು ಹಾಕಿಕೊಳ್ಳಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಇನ್ನು ಕನ್ನಡ. ಪ್ರಾಂಪ್ಟಿನಲ್ಲಿ ಕನ್ನಡ ಬರಬಹುದೇ? ಬರುತ್ತದೆ. ಫೋಲ್ಡರಿಗೆ ಕನ್ನಡದಲ್ಲಿ ಹೆಸರಿಟ್ಟರೆ ಸಾಕು, ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಅದನ್ನೇ ತೋರಿಸುತ್ತದೆ. ಲಿನಕ್ಸಿನಲ್ಲಿ ದಿನಾಂಕದ ಭಾಷೆಯನ್ನು ಕನ್ನಡಕ್ಕೆ ಬದಲಿಸಿದರೆ ವಾರದ ಹೆಸರೂ ಕನ್ನಡದಲ್ಲೇ ಬರುತ್ತದೆ. ಕಷ್ಟ ಇರುವುದು ಮತ್ತೆ ಎಣಿಕೆಯಲ್ಲಿ. ಟರ್ಮಿನಲ್ಲಿನ ಪರದೆ ಸಮ ಅಳತೆಯ ಚೌಕಗಳ ಜಾಲ, ಒಂದು ಅಕ್ಷರಕ್ಕೆ ಒಂದು ಚೌಕ ಎಂಬ ಲೆಕ್ಕದ ಮೇಲೆ ನಿಂತದ್ದು. ನಮ್ಮ ಒತ್ತಕ್ಷರಗಳು ಆ ಲೆಕ್ಕಕ್ಕೆ ಸಿಗುವುದಿಲ್ಲ. 'ಸ್ತ್ರೀ' ನಮಗೆ ಒಂದೇ ಅಕ್ಷರ, ಯುನಿಕೋಡಿನಲ್ಲಿ ಆರು ಸಂಕೇತ. 'ಅರ್ಕಾವತಿ'ಯ ರಕಾರ ಟೈಪ್ ಮಾಡುವಾಗ ಮೊದಲು, ಬರೆದಾಗ ಕಕಾರದ ನಂತರ. ಶೆಲ್ ಎಣಿಸಿದ ಅಗಲ ಒಂದು, ಪರದೆ ಬಿಡಿಸಿದ ಅಗಲ ಇನ್ನೊಂದು ಆದಾಗ ಕರ್ಸರ್ ಎಲ್ಲೋ ನಿಲ್ಲುತ್ತದೆ, ಅಳಿಸಿದ ಅಕ್ಷರದ ಚೂರು ಉಳಿದುಬಿಡುತ್ತದೆ.

ಇದಕ್ಕೆ ಕೆಲಸಕ್ಕೆ ಬರುವ ಉಪಾಯವೊಂದಿದೆ. ಪ್ರಾಂಪ್ಟನ್ನು ಎರಡು ಸಾಲು ಮಾಡಿ. ಮೇಲಿನ ಸಾಲಿನಲ್ಲಿ ಯಂತ್ರ, ಫೋಲ್ಡರ್, ವಾರ, ಬೇಕಾದಷ್ಟು ಕನ್ನಡ. ಕೆಳಗಿನ ಸಾಲಿನಲ್ಲಿ ಬರೀ $ ಮತ್ತು ಒಂದು ಖಾಲಿ ಜಾಗ. ಬ್ಯಾಶ್ ಕರ್ಸರಿನ ಸ್ಥಾನ ಲೆಕ್ಕ ಹಾಕುವುದು ಪ್ರಾಂಪ್ಟಿನ ಕೊನೆಯ ಸಾಲಿನಿಂದ, ಹಾಗಾಗಿ ಮೇಲಿನ ಸಾಲಿನ ಅಗಲ ಎಷ್ಟೇ ಏರುಪೇರಾದರೂ ಟೈಪಿಂಗ್ ಕೆಡುವುದಿಲ್ಲ. ಟೈಪ್ ಮಾಡುವ ಆಜ್ಞೆಯೊಳಗೇ ಕನ್ನಡ ಬಂದಾಗಿನ ಸಮಸ್ಯೆ ಮಾತ್ರ ಹಾಗೇ ಇರುತ್ತದೆ. ಈಚಿನ ಕೆಲವು ಟರ್ಮಿನಲ್‌ಗಳು ಬಿಡಿ ಸಂಕೇತದ ಬದಲು ಪೂರ್ತಿ ಅಕ್ಷರವನ್ನೇ ಒಂದು ಘಟಕವಾಗಿ ಎಣಿಸಲು ತೊಡಗಿವೆ. ಟರ್ಮಿನಲ್ ಮತ್ತು ಶೆಲ್ ಎರಡೂ ಒಂದೇ ಲೆಕ್ಕಕ್ಕೆ ಒಪ್ಪಿದಾಗ ಮಾತ್ರ ಅದು ಸರಿಹೋಗುತ್ತದೆ. ಈ ತಂತ್ರಾಂಶಗಳ ಕೋಡ್ ತೆರೆದೇ ಇದೆ, ದೋಷ ವರದಿ ಮಾಡಲು ಯಾರ ಅನುಮತಿಯೂ ಬೇಡ. ವರದಿ ಮಾಡುವವರು ಟರ್ಮಿನಲ್ಲಿನ ಹೆಸರು ಮತ್ತು ಆವೃತ್ತಿ, ಶೆಲ್‌ನ ಆವೃತ್ತಿ, ಬಳಸಿದ ಫಾಂಟ್ ಬರೆದು, 'ಸ್ತ್ರೀ', 'ಲಕ್ಷ್ಮೀ', 'ಅರ್ಕಾವತಿ' ಈ ಮೂರನ್ನೂ ಟೈಪ್ ಮಾಡಿ ಬ್ಯಾಕ್‌ಸ್ಪೇಸ್ ಒತ್ತಿದಾಗ ಏನಾಯಿತು ಎಂಬುದರ ಸ್ಕ್ರೀನ್‌ಶಾಟ್ ಸೇರಿಸಿದರೆ, ಕನ್ನಡ ಬಾರದ ಡೆವಲಪರ್‌ಗೂ ತೊಂದರೆ ಎಲ್ಲಿದೆ ಎಂದು ಕಾಣುತ್ತದೆ.