ಗಾಜಿನ ಬುರುಡೆಯೊಳಗಿನ 400 ವೋಲ್ಟ್

ವಾಲ್ವ್ ರೇಡಿಯೋ ಇದ್ದ ಮನೆಯಲ್ಲಿ ಬೆಳೆದವರಿಗೆ ಆ ಕಾಯುವಿಕೆ ನೆನಪಿರುತ್ತದೆ. ಗುಂಡಿ ತಿರುಗಿಸಿದ ಮೇಲೂ ಅರ್ಧ ನಿಮಿಷ ಪೆಟ್ಟಿಗೆ ಮೂಕವಾಗಿಯೇ ಇರುತ್ತಿತ್ತು. ಆಮೇಲೆ ಎಲ್ಲೋ ದೂರದಿಂದ ನಡೆದು ಬಂದಂತೆ ವಾರ್ತೆಯ ದನಿ ಕೇಳುತ್ತಿತ್ತು. ಆ ಪೆಟ್ಟಿಗೆಯೊಳಗಿನ ವಾಲ್ವ್ ಎಂಬ ಗಾಜಿನ ಬುರುಡೆಗಳು ಈಗ ಸ್ಟೀರಿಯೋ ಆಂಪ್ಲಿಫೈಯರ್‌ನ ನೆತ್ತಿಯ ಮೇಲೆ ಕುಳಿತು, ದುಬಾರಿ ಬೆಲೆ ಹೊತ್ತು ಮನೆಗಳಿಗೆ ಮರಳುತ್ತಿವೆ. ಅವುಗಳ ನಾದ ಟ್ರಾನ್ಸಿಸ್ಟರಿಗಿಂತ ಮೇಲೋ ಕೀಳೋ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ಕೊಂಡು ತಂದವರು ಮೊದಲ ದಿನವೇ ಅದನ್ನು ಸುಟ್ಟುಕೊಳ್ಳದಿದ್ದರೆ ಸಾಕು.

ವಾಲ್ವಿನೊಳಗೆ ಗಾಳಿಯಿಲ್ಲ. ನಡುವೆ ನಿಂತ ಕ್ಯಾಥೋಡಿಗೆ ಬೇರಿಯಂ, ಸ್ಟ್ರಾಂಷಿಯಂ ಆಕ್ಸೈಡುಗಳ ಲೇಪವಿರುತ್ತದೆ. ಹೀಟರ್ ಅದನ್ನು ಸುಮಾರು 700-800 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಎಲೆಕ್ಟ್ರಾನುಗಳು ಹೊರಬೀಳುತ್ತವೆ. ಹಳೆಯ ರೇಡಿಯೋ ನಮ್ಮನ್ನು ಕಾಯಿಸುತ್ತಿದ್ದದ್ದು ಇದಕ್ಕೇ. ಹೊರಬಿದ್ದ ಎಲೆಕ್ಟ್ರಾನುಗಳನ್ನು ಬರಿದಾದ ಜಾಗ ದಾಟಿಸಿ ಆನೋಡಿಗೆ, ಅಂದರೆ ಸುತ್ತಲಿನ ತಗಡಿಗೆ, ಎಳೆದುಕೊಳ್ಳಬೇಕಲ್ಲ, ಅದಕ್ಕೆ 300ರಿಂದ 450 ವೋಲ್ಟಿನ ಸೆಳೆತ ಬೇಕು. ನಡುವಿನ ತಂತಿಬಲೆ, ಅಂದರೆ 1906ರಲ್ಲಿ ಲೀ ಡಿ ಫಾರೆಸ್ಟ್ ಸೇರಿಸಿದ ಗ್ರಿಡ್, ಆ ಹರಿವನ್ನು ಸಂಗೀತದ ಏರಿಳಿತಕ್ಕೆ ತಕ್ಕಂತೆ ಬಿಗಿ ಮಾಡುತ್ತದೆ, ಸಡಿಲಿಸುತ್ತದೆ. ಈ ಯಂತ್ರದ ವಿಚಾರದಲ್ಲಿ ಹೇಳುವ ಎಚ್ಚರಿಕೆಗಳಲ್ಲಿ ಹೆಚ್ಚಿನವು ಆ ಬಿಸಿ ಮತ್ತು ಈ ವೋಲ್ಟೇಜಿನಿಂದಲೇ ಹುಟ್ಟಿದವು.

ಸ್ಪೀಕರಿನ ಮಾತು ಮೊದಲು. ವಾಲ್ವಿನಲ್ಲಿ ವೋಲ್ಟೇಜ್ ಹೆಚ್ಚು, ಕರೆಂಟ್ ತೀರಾ ಕಡಿಮೆ. ಸ್ಪೀಕರಿಗೆ ಬೇಕಾದದ್ದು ಇದರ ತಿರುಗುಮುರುಗು. ಇಬ್ಬರ ನಡುವೆ ರಾಜಿ ಮಾಡಿಸುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಕರೆಂಟಿಗೆ ಎದುರಾಗುವ ತಡೆಯನ್ನು ಓಮ್‌ನಲ್ಲಿ ಅಳೆಯುತ್ತಾರೆ. ವಾಲ್ವುಗಳು 6400 ಓಮ್ ಬಯಸುತ್ತವೆ, ಸ್ಪೀಕರ್ 8 ಓಮಿನದು ಎಂದುಕೊಳ್ಳಿ. ವ್ಯತ್ಯಾಸ 800 ಪಟ್ಟು; ಸುರುಳಿಯ ಸುತ್ತುಗಳ ಅನುಪಾತ ಅದರ ವರ್ಗಮೂಲ, ಅಂದರೆ ಸುಮಾರು 28. ಸ್ಪೀಕರ್ ಜೋಡಿಸದೆ ಆಂಪ್ಲಿಫೈಯರ್ ಹಾಕಿ ಹಾಡು ಕಳುಹಿಸಿದರೆ ಟ್ರಾನ್ಸ್‌ಫಾರ್ಮರಿಗೆ ಬಂದ ಶಕ್ತಿ ಹೋಗಲು ದಾರಿಯಿರುವುದಿಲ್ಲ. ವಾಲ್ವಿನ ಕಡೆಯ ಸುರುಳಿಯಲ್ಲಿ ವೋಲ್ಟೇಜ್ ಸಾವಿರಗಳಿಗೆ ಚಿಮ್ಮಿ, ತಂತಿಯ ನಿರೋಧಕ ಲೇಪವನ್ನು ತೂತು ಮಾಡಬಹುದು, ಇಲ್ಲವೇ ವಾಲ್ವಿನ ಸಾಕೆಟ್ಟಿನಲ್ಲಿ ಕಿಡಿ ಹಾರಿಸಬಹುದು. ಟ್ರಾನ್ಸಿಸ್ಟರ್ ಆಂಪ್ಲಿಫೈಯರಿಗೆ ಸ್ಪೀಕರ್ ತಂತಿಗಳೆರಡು ಒಂದಕ್ಕೊಂದು ತಾಗುವುದೇ ದೊಡ್ಡ ಭಯ, ಸ್ಪೀಕರ್ ಇಲ್ಲದಿದ್ದರೆ ಅದು ಹಾಯಾಗಿರುತ್ತದೆ. ಆ ಅಭ್ಯಾಸವನ್ನು ಇಲ್ಲಿಗೆ ತಂದವರು ದಂಡ ತೆರುತ್ತಾರೆ. ಸ್ಪೀಕರ್ ತಂತಿ ಬಿಗಿಯಾಗಿ ಕೂತ ಮೇಲೆಯೇ ಸ್ವಿಚ್ ಹಾಕಿ. ಬಿಚ್ಚುವುದು ಸ್ವಿಚ್ ಆರಿಸಿದ ಮೇಲೆಯೇ. ಹಿಂಬದಿಯಲ್ಲಿ 4, 8, 16 ಎಂದು ಗುರುತಿಸಿದ ತಿರುಪುಗಳಿದ್ದರೆ ಸ್ಪೀಕರಿನ ಮೇಲೆ ಬರೆದ ಓಮಿಗೆ ಹೊಂದುವುದನ್ನು ಆರಿಸಿಕೊಳ್ಳಿ.

ಇನ್ನು ಗೋಡೆಯ ಪ್ಲಗ್. ನಮ್ಮಲ್ಲಿ 230 ವೋಲ್ಟ್, ಅಮೆರಿಕದಲ್ಲಿ 120, ಜಪಾನಿನಲ್ಲಿ 100. ವಿದೇಶದಿಂದ ಬಂದ ಪೆಟ್ಟಿಗೆಯ ಬೆನ್ನನ್ನು ಓದದೆ ಪ್ಲಗ್ ಚುಚ್ಚುವುದು ಸಾಹಸವಲ್ಲ, ಬರೀ ಹೊಗೆ. 220 ವೋಲ್ಟಿಗೆಂದು ಮಾಡಿದ ಹಳೆಯ ಯಂತ್ರಕ್ಕೆ 240 ಕೊಟ್ಟರೂ 6.3 ವೋಲ್ಟಿನ ಹೀಟರಿಗೆ 6.9ರ ಹತ್ತಿರ ಸಿಕ್ಕಿ ವಾಲ್ವಿನ ಆಯುಸ್ಸು ಕಡಿಮೆಯಾಗುತ್ತದೆ.

ಮೂರನೆಯ ಪಿನ್ನಿನ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು ಬಂದರೆ ಅರ್ಥಿಂಗ್ ಕಿತ್ತುಹಾಕಿ ಎಂದು ಸಲಹೆ ಕೊಡುವ ಜಾಣರಿದ್ದಾರೆ. ಎರಡು ಉಪಕರಣಗಳು ಬೇರೆ ಬೇರೆ ದಾರಿಯಲ್ಲಿ ಅರ್ಥ್ ಆದಾಗ ಆ ಸದ್ದು ಬರುವುದು ನಿಜ, ಅರ್ಥ್ ತಪ್ಪಿಸಿದರೆ ಅದು ನಿಲ್ಲುವುದೂ ನಿಜ. ಆದರೆ ಒಳಗಿನ ತಂತಿಯೊಂದು ಸಡಿಲವಾಗಿ ಲೋಹದ ಚಾಸಿಗೆ, ಅಂದರೆ ಹೊರಚೌಕಟ್ಟಿಗೆ, ತಗುಲಿದ ದಿನ ಫ್ಯೂಸ್ ಹಾರಿಸಬೇಕಾದ ದಾರಿ ಅದೇ. ಅದಿಲ್ಲದಿದ್ದರೆ ದಾರಿಯಾಗುವುದು ನಿಮ್ಮ ಕೈ. ಎಲ್ಲವನ್ನೂ ಒಂದೇ ಪ್ಲಗ್ ಬೋರ್ಡಿಗೆ ಹಾಕಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಗುಂಯ್ ತಗ್ಗುತ್ತದೆ.

ಜಾಗದ ವಿಚಾರ ಸರಳ. ಇಎಲ್34 ಎಂಬ ಬಗೆಯ ವಾಲ್ವ್ ಒಂದರ ಹೀಟರ್ 6.3 ವೋಲ್ಟಿನಲ್ಲಿ 1.5 ಆಂಪಿಯರ್ ಎಳೆಯುತ್ತದೆ. ನಾಲ್ಕಿದ್ದರೆ ಹಾಡು ಶುರುವಾಗುವ ಮೊದಲೇ 38 ವಾಟ್ ಶಾಖ. ಗಾಜಿನ ಬಾಗಿಲಿನ ಷೋಕೇಸ್ ಬೇಡ, ಮೇಲೆ ಕಸೂತಿ ಬಟ್ಟೆಯಂತೂ ಬೇಡವೇ ಬೇಡ. ಮಕ್ಕಳಿರುವ ಮನೆಯಲ್ಲಿ ವಾಲ್ವುಗಳ ಮೇಲಿನ ಜಾಲರಿಯನ್ನು ಅಂದಕ್ಕಾಗಿ ತೆಗೆಯಬೇಡಿ.

ಸ್ಪೀಕರಿಗೆ ಶಕ್ತಿ ಕೊಡುವ ಔಟ್‌ಪುಟ್ ವಾಲ್ವ್ ಬದಲಿಸಿದರೆ ಬಯಾಸ್, ಅಂದರೆ ಹಾಡಿಲ್ಲದಾಗಲೂ ಹರಿಯುವ ಕರೆಂಟನ್ನು ನಿಗದಿಪಡಿಸುವ ಗ್ರಿಡ್ ವೋಲ್ಟೇಜ್, ಮತ್ತೆ ಸರಿಹೊಂದಿಸಬೇಕಾಗಬಹುದು. ಅದು ತಪ್ಪಿದ್ದರೆ ಬೂದುಬಣ್ಣದ ಆನೋಡ್ ಕೆಂಪಗೆ ಹೊಳೆಯುತ್ತದೆ. ನಡುವಿನ ಹೀಟರಿನ ಕಿತ್ತಳೆ ಬೆಳಕು ಸಹಜ, ಸುತ್ತಲಿನ ತಗಡು ಕೆಂಪಾದರೆ ಕೂಡಲೇ ಆರಿಸಿ. ಆರಿಸಿದ ಮಾತ್ರಕ್ಕೆ ತಳ ಬಿಚ್ಚಿ ಕೈ ಹಾಕಬೇಡಿ. 450 ವೋಲ್ಟಿಗೆ ತುಂಬಿದ 100 ಮೈಕ್ರೋಫ್ಯಾರಡ್ ಕೆಪಾಸಿಟರಿನಲ್ಲಿ, ಅಂದರೆ ವಿದ್ಯುತ್ತನ್ನು ಕೂಡಿಡುವ ಬಿಡಿಭಾಗದಲ್ಲಿ, 10 ಜೂಲ್ ಶಕ್ತಿ ಉಳಿದಿರುತ್ತದೆ, ಒಂದು ಕಿಲೋ ಅಕ್ಕಿಯ ಚೀಲ ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ಕಾಲ್ಬೆರಳಿಗಾದರೆ ತಡೆದುಕೊಳ್ಳಬಹುದು, ಎದೆಯ ಮೂಲಕ ಹಾಯ್ದರೆ ಲೆಕ್ಕ ಬೇರೆ. ಪ್ಲಗ್ ಕಿತ್ತ ಮೇಲೂ ಅದು ಅಲ್ಲೇ ಕುಳಿತಿರಬಹುದು. ಆ ಕೆಲಸ ಬಲ್ಲ ಮೆಕ್ಯಾನಿಕ್ ಮಾಡಲಿ.

ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆ ಶುರುಮಾಡಿತು. ಅಟ್ಟದ ಡಬ್ಬಿಯಲ್ಲಿ ಅಂಥದ್ದೊಂದು ಸಿಕ್ಕರೆ ಸಾಕೆಟ್ಟಿಗೆ ಹಾಕುವ ಮೊದಲು ಗಾಜಿನ ಒಳಮೈಯ ಬೆಳ್ಳಿಬಣ್ಣದ ಲೇಪ ನೋಡಿ. ಒಳಗೆ ಅಳಿದುಳಿದ ಗಾಳಿಯನ್ನು ಹೀರಲು ಬಳಿದ ಬೇರಿಯಂ ಅದು. ಹೊಳೆಯುತ್ತಿದ್ದರೆ ಆಸೆಯಿದೆ. ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಒಳಹೊಕ್ಕಿದೆ. ಆ ವಾಲ್ವಿಗೆ ಮಾತ್ರ ಗಾಜಿನ ಷೋಕೇಸೇ ಸರಿ.