ಎಂಟು ಅಕ್ಷರಗಳಲ್ಲಿ ಒಂದು ಲಗ್ನಪತ್ರಿಕೆ

ಕಳೆದ ಬೇಸಿಗೆಯಲ್ಲಿ ಬಾಗಲಕೋಟೆಯ ಹಳೆಯ ಪ್ರೆಸ್ಸೊಂದರ ಮಾಲೀಕರು ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಅರವತ್ತೆರಡು ಫ್ಲಾಪಿಗಳನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಹಾಳಾದ ಡಿಸ್ಕುಗಳಿಂದ ಮಾಹಿತಿ ಹೊರತೆಗೆಯುವುದು ನನ್ನ ವೃತ್ತಿ. ಅವರ ಪ್ರೆಸ್ಸು ಮೊದಲು ಹಳೆಯ ಊರಿನಲ್ಲಿತ್ತು. ಆಲಮಟ್ಟಿ ಹಿನ್ನೀರು ಬಂದ ಮೇಲೆ ನವನಗರಕ್ಕೆ ಬಂತು. ಫ್ಲಾಪಿಗಳಲ್ಲಿದ್ದದ್ದು ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಜಾತ್ರೆಯ ಕರಪತ್ರ. ಈಗ ನೀರಿನಡಿಯಿರುವ ಓಣಿಗಳ ವಿಳಾಸಗಳು ಆ ಪತ್ರಿಕೆಗಳಲ್ಲಿವೆ. ಅದಕ್ಕಾಗಿಯೇ ಅವರು ಬಂದಿದ್ದರು.

ಐವತ್ತನಾಲ್ಕು ಫ್ಲಾಪಿಗಳು ಓದಿಕೊಂಡವು. ಆದರೆ ಪರದೆಯ ಮೇಲೆ ಸಾಲಾಗಿ ಬಂದ ಫೈಲುಗಳ ಹೆಸರುಗಳು ಹೀಗಿದ್ದವು: ಬಿ-ಡಿ-ಜಿ, ಆಮೇಲೆ 2204, ಕೊನೆಗೆ ಎಲ್. ಬಡಿಗೇರ ಮನೆತನ, ಏಪ್ರಿಲ್ 22, ಲಗ್ನ. ಅಡ್ಡಹೆಸರಿಗೆ ಮೂರು, ತಾರೀಕಿಗೆ ನಾಲ್ಕು, ಸಮಾರಂಭಕ್ಕೆ ಒಂದು. ಒಟ್ಟು ಎಂಟು. ಆ ಎಂಟನ್ನು ಹೀಗೆ ಹಂಚಿದವರು ಅಲ್ಲಿ ಕಂಪ್ಯೂಟರಿನಲ್ಲಿ ಪುಟ ಜೋಡಿಸುತ್ತಿದ್ದ ಡಿಟಿಪಿ ಆಪರೇಟರ್. ಅವರ ಜಾಣ್ಮೆಯ ಬಗ್ಗೆ ನನಗೆ ಅಪಾರ ಗೌರವವಿದೆ, ಏಕೆಂದರೆ ಒಂಬತ್ತನೆಯ ಅಕ್ಷರ ಅವರಿಗೆ ಸಿಗುತ್ತಲೇ ಇರಲಿಲ್ಲ.

ಎಂಟೇ ಏಕೆ ಎಂದು ಇಂದಿನ ಹುಡುಗರು ಕೇಳುತ್ತಾರೆ. ಅಂಗಡಿಯ ಕಿರ್ದಿ ಪುಸ್ತಕವನ್ನು ನೆನೆಯಿರಿ. ಕಾಲಂಗಳನ್ನು ಮೊದಲೇ ಅಚ್ಚು ಹಾಕಿರುತ್ತಾರೆ, ಬರೆಯುವುದು ಆ ಗೆರೆಗಳ ನಡುವೆಯೇ. ವಿಂಡೋಸಿಗೂ ಮುಂಚೆ ಕಂಪ್ಯೂಟರನ್ನು ನಡೆಸುತ್ತಿದ್ದ ಮೂಲ ತಂತ್ರಾಂಶ, 1981ರಲ್ಲಿ ಬಂದ ಎಂಎಸ್-ಡಾಸ್, ಪ್ರತಿ ಫೈಲಿಗೂ ಇಂಥ ಒಂದು ಸಾಲನ್ನು, 32 ಬೈಟುಗಳಷ್ಟು (ಒಂದು ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು), ಮೀಸಲಿಟ್ಟಿತ್ತು. ಹೆಸರಿಗೆ 8 ಬೈಟು, ಫೈಲಿನ ಬಗೆ ಹೇಳುವ ಬಾಲಕ್ಕೆ 3, ಬದಲಾದ ವೇಳೆಗೆ 2, ತಾರೀಕಿಗೆ 2, ಡಿಸ್ಕಿನಲ್ಲಿ ಫೈಲು ಎಲ್ಲಿ ಶುರುವಾಗುತ್ತದೆ ಎಂಬುದಕ್ಕೆ 2, ಗಾತ್ರಕ್ಕೆ 4, ಉಳಿದದ್ದು ಬೇರೆ ಗುರುತುಗಳಿಗೆ ಮತ್ತು ಮೀಸಲು. ಹೆಸರು ಮತ್ತು ಬಾಲದ ನಡುವೆ ನಾವು ಕಾಣುವ ಚುಕ್ಕೆ ಡಿಸ್ಕಿನಲ್ಲಿ ದಾಖಲಾಗುವುದೇ ಇಲ್ಲ. ಈ ಎಂಟು-ಮೂರರ ಪದ್ಧತಿ ಗ್ಯಾರಿ ಕಿಲ್ಡಾಲ್ ಅವರು 1974ರಲ್ಲಿ ರೂಪಿಸಿದ ಸಿಪಿ/ಎಂ ಎಂಬ, ಡಾಸ್‌ಗೂ ಹಿಂದಿನ ಇಂಥದೇ ತಂತ್ರಾಂಶದ ಕಡೆಯಿಂದ ಬಂದದ್ದು. ಎಲ್ಲ ಸಾಲುಗಳೂ ಒಂದೇ ಅಳತೆಯಲ್ಲಿದ್ದರೆ ಹುಡುಕುವ ಪ್ರೋಗ್ರಾಂ ಸಣ್ಣದಾಗುತ್ತದೆ, ಮತ್ತು ಆಗ ಮೆಮೊರಿಯ ಒಂದೊಂದು ಬೈಟಿಗೂ ಬೆಲೆಯಿತ್ತು. ದೊಡ್ಡ ಯಂತ್ರಗಳ ಯುನಿಕ್ಸ್ ಎಂಬ ತಂತ್ರಾಂಶ ಕೂಡ ಒಂದು ಕಾಲದಲ್ಲಿ 16 ಬೈಟಿನ ಸಾಲು ಇಟ್ಟುಕೊಂಡು ಹೆಸರಿಗೆ 14 ಅಕ್ಷರ ಮಾತ್ರ ಕೊಟ್ಟಿತ್ತು.

ನಮ್ಮ ಭಾಗದ ಊರುಗಳು ಈ ಅಳತೆಗೆ ಹೇಗೋ ಹೊಂದಿಕೊಂಡಿದ್ದವು. ಇಂಗ್ಲಿಷಿನಲ್ಲಿ ಬೆಳಗಾಂ, ಬಿಜಾಪುರ ಎರಡೂ ಏಳು ಅಕ್ಷರ. ಬಾಗಲಕೋಟ ಸರಿಯಾಗಿ ಎಂಟು. 2014ರ ನಂತರದ ಬೆಳಗಾವಿಯೂ ಎಂಟು. ವಿಜಯಪುರ ಮಾತ್ರ ಹತ್ತು.

ಹೆಸರಿಗೆ ಇನ್ನೊಂದು ಗಂಡಾಂತರವೂ ಇತ್ತು. ಡಾಸ್‌ನಲ್ಲಿ ಫೈಲನ್ನು ಅಳಿಸಿದಾಗ ಒಳಗಿನ ಮಾಹಿತಿ ಆ ಕ್ಷಣವೇ ಹೋಗುವುದಿಲ್ಲ. ಆದರೆ ಹೆಸರಿನ ಮೊದಲ ಅಕ್ಷರದ ಮೇಲೆ ‘ಇದು ಖಾಲಿ ಸಾಲು’ ಎಂಬ ಗುರುತು ಬೀಳುತ್ತದೆ. ಹಾಗಾಗಿ ಅಳಿಸಿದ ಫೈಲನ್ನು ಮರಳಿ ತರುವಾಗ ಮೊದಲಕ್ಷರವನ್ನು ನಾವೇ ತುಂಬಬೇಕು. ಮೂರೇ ಅಕ್ಷರದ ಅಡ್ಡಹೆಸರಿನಲ್ಲಿ ಒಂದು ಹೋದರೆ ಗತಿಯೇನು? ಕೊನೆಗೆ ಡಿ-ಜಿ ಉಳಿದಿದ್ದರೆ ಅದು ಬಡಿಗೇರ ಇರಬಹುದು, ಹಡಗಲಿ ಇರಬಹುದು, ಗದಗ ಇರಬಹುದು. ಇಂಥ ಒಂಬತ್ತು ಫೈಲುಗಳಿಗೆ ನಾನು ಊಹೆಯ ಅಕ್ಷರ ಹಾಕಲಿಲ್ಲ, ಕೆಳಗೆರೆಯನ್ನಷ್ಟೇ ಇಟ್ಟೆ. ತಪ್ಪು ಹೆಸರು ಒಮ್ಮೆ ಕೂತರೆ ಮುಂದೆ ಅದನ್ನು ಯಾರೂ ಅನುಮಾನಿಸುವುದಿಲ್ಲ.

1995ರ ಆಗಸ್ಟಿನಲ್ಲಿ ವಿಂಡೋಸ್ 95 ಬಂದು 255 ಅಕ್ಷರಗಳವರೆಗೆ ಹೆಸರಿಡಲು ಅವಕಾಶವಾಯಿತು. ಹಳೆಯ ಪುಸ್ತಕವನ್ನು ಬಿಸಾಡದೆ ಇದನ್ನು ಸಾಧಿಸಿದ ಉಪಾಯ ನನಗೆ ಇಂದಿಗೂ ಮೆಚ್ಚುಗೆ. ಉದ್ದ ಹೆಸರನ್ನು ಹದಿಮೂರು ಹದಿಮೂರು ಅಕ್ಷರಗಳ ತುಂಡು ಮಾಡಿ, ಪ್ರತಿ ತುಂಡಿಗೂ ಒಂದು 32 ಬೈಟಿನ ಸಾಲು ಕೊಟ್ಟರು. ಆ ಸಾಲುಗಳಿಗೆ ಹಳೆಯ ಡಾಸ್ ಗಮನಿಸದೆ ದಾಟಿಹೋಗುವಂಥ ಗುರುತು ಹಾಕಿದರು. ಜೊತೆಗೆ ಎಂಟಕ್ಷರದ ಗಿಡ್ಡ ಹೆಸರೂ ಉಳಿಯಿತು: ಮೊದಲ ಆರು ಅಕ್ಷರ, ಒಂದು ಅಲೆಗುರುತು (~), ಒಂದು ಅಂಕಿ. ಇದರ ಖರ್ಚು ಫ್ಲಾಪಿಯಲ್ಲಿ ಕಾಣುತ್ತಿತ್ತು. 1.44 ಎಂಬಿ ಫ್ಲಾಪಿಯ ಮುಖ್ಯ ಪಟ್ಟಿಯಲ್ಲಿ ಇರುವುದು 224 ಸಾಲುಗಳು. ಮೂವತ್ತು ಅಕ್ಷರದ ಹೆಸರು ನಾಲ್ಕು ಸಾಲು ತಿನ್ನುತ್ತದೆ. ಹೀಗಾಗಿ ಜಾಗ ಬೇಕಾದಷ್ಟಿದ್ದರೂ ಐವತ್ತೈದು, ಐವತ್ತಾರು ಫೈಲಿಗೇ ಫ್ಲಾಪಿ ‘ತುಂಬಿದೆ’ ಎನ್ನುತ್ತಿತ್ತು.

ನಷ್ಟವಾದದ್ದು ಈ ಸಂಧಿಕಾಲದಲ್ಲಿ. ಹೊಸ ಪದ್ಧತಿ ಅರಿಯದ ಹಳೆಯ ಬ್ಯಾಕಪ್ ಪ್ರೋಗ್ರಾಂಗಳು ಗಿಡ್ಡ ಹೆಸರನ್ನಷ್ಟೇ ಎತ್ತಿಕೊಂಡವು. ಬೆಳಗಾವಿಯ ಫೋಟೋ ಸ್ಟುಡಿಯೋ ಒಂದರ ಸಿಡಿಗಳಲ್ಲಿ ಪಾಟೀಲರ ಮನೆಗಳ ಮದುವೆಗಳೆಲ್ಲ ಒಂದೇ ಆರಕ್ಷರಕ್ಕೆ ಇಳಿದು, ಮುಂದೆ ಒಂದು, ಎರಡು, ಮೂರು ಎಂಬ ಅಂಕಿ ಹೊತ್ತು ನಿಂತದ್ದನ್ನು ನೋಡಿದ್ದೇನೆ. ಯಾವ ಪಾಟೀಲರು, ಯಾವ ಊರಿನವರು ಎಂಬುದು ಏಳನೆಯ ಅಕ್ಷರದಿಂದ ಆಚೆಗಿತ್ತು.

ಮಿತಿ ಈಗಲೂ ಇದೆ, ಕನ್ನಡದಲ್ಲಿ ಹೆಸರಿಡುವವರಿಗೆ ಬೇಗ ತಾಗುತ್ತದೆ. ವಿಂಡೋಸಿನ ಬದಲು ಲಿನಕ್ಸ್ ತಂತ್ರಾಂಶ ಬಳಸುವ ಯಂತ್ರಗಳ ಸಾಮಾನ್ಯ ಫೈಲ್ ವ್ಯವಸ್ಥೆ 255 ಬೈಟು ಎಣಿಸುತ್ತದೆ, ಅಕ್ಷರವನ್ನಲ್ಲ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಇಂದಿನ ಪದ್ಧತಿಯಾದ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು. ‘ಕೃಷ್ಣಾ’ ಎಂಬುದು ಕಣ್ಣಿಗೆ ಎರಡೇ ಅಕ್ಷರ. ಕ, ಋತ್ವ, ಷ, ವಿರಾಮ, ಣ, ದೀರ್ಘ ಎಂದು ಆರು ಸಂಕೇತ, ಹದಿನೆಂಟು ಬೈಟು. ಎಂಬತ್ತೈದು ಸಂಕೇತಕ್ಕೆ ಮಿತಿ ಮುಗಿಯಿತು. ವಿಂಡೋಸಿನಲ್ಲಿ ಠರಾವಿನ ಪೂರ್ತಿ ಶೀರ್ಷಿಕೆಯನ್ನೇ ಹೆಸರಾಗಿಟ್ಟ ಫೈಲು ಲಿನಕ್ಸ್ ಯಂತ್ರಕ್ಕೆ ನಕಲಾಗದೆ ಹಿಂದುಳಿಯುವುದು ಇದಕ್ಕೇ. ವರ್ಷ, ಊರು, ವಿಷಯ ಇಷ್ಟನ್ನು ಹೆಸರಿನಲ್ಲಿಟ್ಟು, ಉಳಿದದ್ದನ್ನು ಪಕ್ಕದ ಪಟ್ಟಿಯಲ್ಲಿ ಬರೆಯಿರಿ ಎಂದು ನನ್ನ ಗಿರಾಕಿಗಳಿಗೆ ಹೇಳುತ್ತೇನೆ. ಹಳೆಯ ಫೈಲಿನ ಗಿಡ್ಡ ಹೆಸರನ್ನು ಮಾತ್ರ ಎಂದೂ ತಿದ್ದಬೇಡಿ.

ಪ್ರೆಸ್ಸಿನ ಫ್ಲಾಪಿಗಳಲ್ಲಿ ಕೊನೆಗೆ ಉಳಿದ ತೊಡಕು ‘ಜೆ’ ಅಕ್ಷರದ್ದು. ಎಂ-ಡಿ-ಎಲ್ ಎಂಬುದು ಮುಧೋಳ ಊರೋ, ಮುಧೋಳ ಎಂಬ ಅಡ್ಡಹೆಸರೋ? ‘ಜೆ’ ಎಂದರೆ ಜಾತ್ರೆಯೋ, ಮಗುವಿನ ಜವಳವೋ? ಪುಟ ಜೋಡಿಸಲು ಬಳಸುತ್ತಿದ್ದ ಅಂದಿನ ಪೇಜ್‌ಮೇಕರ್ ತಂತ್ರಾಂಶ ಮತ್ತು ಅಂದಿನ ಕನ್ನಡ ಫಾಂಟು ಹೊಂದಿಸುವವರೆಗೆ ಫೈಲು ತೆರೆದು ನೋಡುವಂತಿರಲಿಲ್ಲ. ಮಾಲೀಕರು ಆ ಆಪರೇಟರ್ ಅವರನ್ನೇ ಕರೆತಂದರು, ಎಪ್ಪತ್ತು ದಾಟಿದವರು. ನಕಲು ಮಾಡುವ ಮುನ್ನ ಪ್ರತಿ ಫ್ಲಾಪಿಯ ಚೀಟಿಯ ಫೋಟೋ ತೆಗೆದಿಡುವುದು ನನ್ನ ರೂಢಿ. ಅವನ್ನು ತೋರಿಸಿದೆ. ಒಂದು ಚೀಟಿಯ ಮೇಲಿದ್ದ ಕೆಂಪು ಶಾಯಿಯ ಗೀಟನ್ನು ನೋಡಿ, “ಇದು ಜಾತ್ರೆ ಸರ್, ಮನೆಯ ಕಾರ್ಯಗಳಿಗೆ ನಾನು ನೀಲಿ ಹಾಕುತ್ತಿದ್ದೆ” ಎಂದರು. ಎರಡು ಮಧ್ಯಾಹ್ನ ಕೂತು ಉಳಿದ ಪಟ್ಟಿಯನ್ನೆಲ್ಲ ಬರೆಸಿದರು.